ಉಳಿದ 99 ಕುರಿಗಳನ್ನು ಯಾರು ನೋಡಿಕೊಂಡರು?

ಏಪ್ರಿಲ್ ಎರಡನೇ ವಾರ. ಗದಗ ಪಕ್ಕದ ನಮ್ಮ ಬೆಟಗೇರಿ ಚರ್ಚಿನಲ್ಲಿ ವಿ.ಬಿ.ಎಸ್., ಅಂದರೆ ಮಕ್ಕಳ ಬೇಸಿಗೆ ರಜೆಯ ಬೈಬಲ್ ಶಾಲೆ, ಶುರುವಾಗಿ ಮೂರನೇ ದಿನ. ಎಂಟರಿಂದ ಹತ್ತು ವರ್ಷದ ಮಕ್ಕಳ ಗುಂಪು ನನ್ನದು. ಅವತ್ತು ಬೈಬಲ್ಲಿನ ಕಳೆದುಹೋದ ಕುರಿಯ ಕಥೆ ಹೇಳುತ್ತಿದ್ದೆ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಳ್ಳುತ್ತದೆ. ಕುರುಬ ಉಳಿದ 99ನ್ನು ಅಡವಿಯಲ್ಲೇ ಬಿಟ್ಟು ಅದನ್ನು ಹುಡುಕುತ್ತಾನೆ. ಸಿಕ್ಕ ಮೇಲೆ ಹೆಗಲ ಮೇಲೆ ಹೊತ್ತು ಖುಷಿಯಿಂದ ಬರುತ್ತಾನೆ. ಚಿಕ್ಕಂದಿನಿಂದ ನಾನು ಎಷ್ಟು ಸಲ ಕೇಳಿದ ಕಥೆಯೋ! ಹಾಡು, ಅಭಿನಯ, ಹತ್ತಿ ಅಂಟಿಸಿದ ಕುರಿಯ ಚಿತ್ರ ಎಲ್ಲ ಸಿದ್ಧವಿತ್ತು. ಆಗ ಹಿಂದೆ ಕೂತಿದ್ದ ಒಂಬತ್ತು ವರ್ಷದ ಹುಡುಗ ಕೈ ಎತ್ತಿದ.

"ಅಕ್ಕೋರ, ಅಂವ ಹುಡುಕಾಕ ಹ್ವಾದ ಮ್ಯಾಲೆ ಉಳಿದ ಕುರಿ ಯಾರ ನೋಡ್ಕೊಂಡ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಅಡವಿ ಎಂದಿದೆ, ಮತ್ತಾಯನ 18ನೇ ಅಧ್ಯಾಯದಲ್ಲಿ ಬೆಟ್ಟ ಎಂದಿದೆ. ಉಳಿದವುಗಳ ಕಾವಲಿಗೆ ಯಾರಿದ್ದರು ಅಂತ ಎರಡರಲ್ಲೂ ಹೇಳಿಲ್ಲ. ಹುಡುಗ ನಮ್ಮ ಓಣಿಯ ಅಜ್ಜಿಯೊಬ್ಬರ ಮೊಮ್ಮಗ, ರಜೆಗೆ ಬಂದವನು. ಅವನಪ್ಪ ಕುರಿ ಸಾಕುತ್ತಾರೆ ಅಂತ ನನಗೆ ಗೊತ್ತಿತ್ತು. "ನಿಮ್ಮಲ್ಲಿ ಹ್ಯಾಂಗ ಮಾಡ್ತಾರಪಾ?" ಅಂತ ಅವನನ್ನೇ ಕೇಳಿದೆ.

"ನಮ್ಮಪ್ಪ ಒಬ್ಬಾಂವ ಹೋಗೂದ ಇಲ್ರಿ. ಕಾಕಾ ಇರ್ತಾನ, ಎರಡ ನಾಯಿ ಇರ್ತಾವ. ಒಂದ ಕುರಿ ತಪ್ಪಿದ್ರ ಅಪ್ಪ ಹುಡುಕಾಕ ಹೊಕ್ಕಾನ. ಕಾಕಾ ಹಿಂಡ ಹಿಡಕೊಂಡ ನಿಂದರ್ತಾನ."

ಅವತ್ತು ಮಕ್ಕಳ ಜೊತೆ ನಾನೂ ತಲೆಯಾಡಿಸಿ ಮುಂದಿನ ಹಾಡಿಗೆ ಹೋದೆ. ಅವನು ಎಷ್ಟು ದೊಡ್ಡ ಮಾತು ಹೇಳಿದ್ದ ಅಂತ ತಿಳಿದಿದ್ದು ಮೇ ತಿಂಗಳಲ್ಲಿ, ಕಡಲ ದಂಡೆಯ ಮೇಲೆ.

ಮೊದಲು ವಿ.ಬಿ.ಎಸ್. ಹೇಗೆ ಮಾಡಿದೆವು ಅಂತ ಹೇಳುತ್ತೇನೆ. ಮೊದಲ ಸಲ ಜವಾಬ್ದಾರಿ ತೆಗೆದುಕೊಳ್ಳುವವರಿಗೆ ಉಪಯೋಗ ಆಗಬಹುದು. ಈಸ್ಟರ್ ಮುಗಿದ ಮಾರನೇ ದಿನವೇ ಅಯ್ಯನವರು, ಅಂದರೆ ನಮ್ಮ ಚರ್ಚಿನ ಪಾದ್ರಿ, ನಮ್ಮನ್ನು ಕರೆದರು. ಹತ್ತು ದಿನ, ಬೆಳಿಗ್ಗೆ 8ರಿಂದ 11. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ 11ರ ಮೇಲೆ ಮಕ್ಕಳನ್ನು ಹಿಡಿದು ಕೂರಿಸುವುದು ತಪ್ಪು. ಮನೆಗೆ ನಡೆದು ಹೋಗುವಾಗ ಕಾಲು ಸುಡುತ್ತದೆ. ಅಕ್ಕಪಕ್ಕದ ಓಣಿಯ ಮಕ್ಕಳೂ ಬರುತ್ತಾರೆ, ಹಾಗಾಗಿ ಪ್ರತಿ ಮನೆಗೆ ಹೋಗಿ ತಂದೆ ತಾಯಿಯನ್ನು ಕೇಳಿಯೇ ಹೆಸರು ಬರೆದುಕೊಂಡೆವು. ಫೋನ್ ನಂಬರ್ ಜೊತೆಗೆ, ಮಗುವನ್ನು ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಅನ್ನುವುದನ್ನೂ ಬರೆದೆವು. ಈ ಒಂದು ಕಾಲಂ ದಿನಾ ಕೆಲಸಕ್ಕೆ ಬಂತು.

ಮೊದಲ ದಿನ ನಾನು ಬರೆದಿಟ್ಟ ಪಾಠ 40 ನಿಮಿಷದ್ದು. ಹದಿನೈದು ನಿಮಿಷಕ್ಕೆ ಮಕ್ಕಳು ಒಬ್ಬರಿಗೊಬ್ಬರು ಚಿವುಟಲು ಶುರುಮಾಡಿದರು. ಎರಡನೇ ದಿನದಿಂದ ಕಥೆ 12 ನಿಮಿಷ ಮಾತ್ರ. ಕಥೆ ಆದ ಮೇಲೆ ಮಕ್ಕಳೇ ಅದನ್ನು ಆಡಿ ತೋರಿಸಬೇಕು. ಬಾಯಿಪಾಠದ ವಚನವನ್ನು ಕುಂಟಾಬಿಲ್ಲೆಯ ಮನೆಗಳಲ್ಲಿ ಒಂದೊಂದು ಪದ ಬರೆದು, ಜಿಗಿಯುತ್ತಾ ಹೇಳಿಸಿದೆವು. ಕೂತು ಹೇಳಿದರೆ ನಾಲ್ಕು ಜನಕ್ಕೆ ಬರುತ್ತಿದ್ದ ವಚನ ಜಿಗಿದರೆ ಎಲ್ಲರಿಗೂ ಬಂತು. ತಿಂಡಿ ಚರ್ಚಿನ ಸ್ತ್ರೀಯರ ಅನ್ಯೋನ್ಯ ಕೂಟದವರದು. ಒಂದು ದಿನ ಗಿರ್ಮಿಟ್, ಒಂದು ದಿನ ಶೇಂಗಾ ಉಂಡಿ, ಒಂದು ದಿನ ಉಪ್ಪಿಟ್ಟು. ಕುಡಿಯಲು ನಿಂಬೆಹಣ್ಣಿನ ಶರಬತ್ತು. ಆ ಅಕ್ಕಂದಿರು ನಸುಕಿನಲ್ಲೇ ಒಲೆ ಹಚ್ಚುತ್ತಿದ್ದರು. ಕೊನೆಯ ಭಾನುವಾರ ಮಕ್ಕಳ ಕಾರ್ಯಕ್ರಮ ಆದಾಗ ಎಲ್ಲರೂ ಟೀಚರುಗಳಿಗೆ ಚಪ್ಪಾಳೆ ತಟ್ಟಿದರು. ಅಡುಗೆಮನೆಯವರನ್ನು ಮುಂದೆ ಕರೆಯಲು ನಾವು ಮರೆತೆವು. ಅದು ನನಗೆ ಈಗಲೂ ಬೇಸರ.

ಮೇ ಮೊದಲ ವಾರ ಮಂಗಳೂರಿನಲ್ಲಿ ಯೂತ್ ಕ್ಯಾಂಪ್. ಬೆಟಗೇರಿಯಿಂದ 14 ಹುಡುಗ ಹುಡುಗಿಯರು, ಅವರ ಜೊತೆ ನಾವು ಮೂವರು ವಾಲಂಟಿಯರ್. ವಿಜಯಪುರದಿಂದ ಬರುವ ರೈಲನ್ನು ಗದಗಿನಲ್ಲಿ ಹತ್ತಿದೆವು. ಸಕಲೇಶಪುರ ದಾಟಿ ಘಾಟಿ ಇಳಿಯುವ ಹೊತ್ತಿಗೆ ಎಲ್ಲರೂ ಎದ್ದಿದ್ದರು. ಐವತ್ತಕ್ಕೂ ಹೆಚ್ಚು ಸುರಂಗಗಳ ದಾರಿ ಅದು. ಪ್ರತಿ ಕತ್ತಲಿಗೂ ಒಂದು ಕೂಗು, ಪ್ರತಿ ಬೆಳಕಿಗೂ ಒಂದು ಕೂಗು. ಕಪ್ಪು ಮಣ್ಣಿನ ಬಯಲಿನ ಮಕ್ಕಳು ಅಷ್ಟು ಹಸಿರನ್ನು ನೋಡಿ ಸುಮ್ಮನಾಗಿದ್ದು ಸುಬ್ರಹ್ಮಣ್ಯ ರಸ್ತೆ ಸ್ಟೇಷನ್ ಬಂದಾಗಲೇ.

ಬೆಟಗೇರಿಗೂ ಮಂಗಳೂರಿಗೂ ನಂಟು ಹಳೆಯದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಈಗ ಎಲ್ಲ ಒಂದೇ ಸಭೆ, 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ. ಹಾಗಾಗಿ ಮೊದಲ ರಾತ್ರಿಯ ಆರಾಧನೆಯಲ್ಲಿ ಗಿಟಾರ್ ಹುಡುಗ ಹಳೆಯ ಕೀರ್ತನೆಯೊಂದನ್ನು ಎತ್ತಿಕೊಂಡಾಗ ನಮ್ಮ ಮಕ್ಕಳೂ ಕರಾವಳಿಯ ಮಕ್ಕಳೂ ಪುಸ್ತಕ ನೋಡದೆ ಹಾಡಿದರು. ಊಟದ ಸಾಲಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದೆ ನಿಂತಿದ್ದವರು ಇವರೇ ಅಂತ ನಂಬಲು ಆಗಲಿಲ್ಲ.

ಒಟ್ಟು 62 ಜನ ಶಿಬಿರಾರ್ಥಿಗಳು, 13ರಿಂದ 18 ವಯಸ್ಸಿನವರು. ನನಗೆ ಬೆಳಿಗ್ಗೆ ಅಡುಗೆಮನೆ, ಸಂಜೆ ಒಂದು ಗುಂಪು. ಕುಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತಿರಲಿಲ್ಲ. ಬಿಳಿ ಅಕ್ಕಿಯ ಲೆಕ್ಕದಲ್ಲಿ ಒಲೆ ಹಚ್ಚಿದ್ದಕ್ಕೆ ಮೊದಲ ದಿನ ಮಧ್ಯಾಹ್ನದ ಊಟ ತಡವಾಯಿತು. ಅಷ್ಟು ಹೊತ್ತು ಹಸಿವು ತಡೆಯಲು ನೆರವಾಗಿದ್ದು ನಮ್ಮ ಮಕ್ಕಳ ಚೀಲದಲ್ಲಿದ್ದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಮುರಿದು ಮುರಿದು ಹಂಚಿದರು. ಗುಂಪುಗಳು ಬೆರೆತದ್ದು ಅಲ್ಲಿಂದಲೇ. ನಾವು ಹಾಕಿಕೊಂಡಿದ್ದ ಪರಿಚಯದ ಆಟಗಳಿಗಿಂತ ಜಾಸ್ತಿ ಕೆಲಸವನ್ನು ಆ ರೊಟ್ಟಿ ಮಾಡಿತು.

ಮೂರನೇ ದಿನ ಸಂಜೆ ಉಳ್ಳಾಲದ ಕಡೆ ಸಮುದ್ರಕ್ಕೆ ಹೋದೆವು. ಮಳೆಗಾಲ ಹತ್ತಿರ ಬಂದಂತೆ ಕಡಲು ಒರಟಾಗುತ್ತದೆ. ಪಾದ ನೆನೆಯುವಷ್ಟು ಮಾತ್ರ, ಮುಂದೆ ಹೋಗಬಾರದು ಅಂತ ಬಸ್ಸಿನಲ್ಲೇ ಹೇಳಿದ್ದೆವು. ನನ್ನ ಗುಂಪಿನಲ್ಲಿ 21 ಜನ. ನಾನು ಮತ್ತು ಉಡುಪಿಯಿಂದ ವಾಲಂಟಿಯರ್ ಆಗಿ ಬಂದಿದ್ದ ಒಬ್ಬ ತಮ್ಮ ಅವರ ಜೊತೆ. ಹೊರಡುವ ಹೊತ್ತಿಗೆ ಎಣಿಸಿದೆ, 20. ಮತ್ತೆ ಎಣಿಸಿದೆ, 20. ನಮ್ಮ ಬೆಟಗೇರಿಯ ಹುಡುಗನೇ ಇಲ್ಲ. ಹದಿನೈದು ವರ್ಷ, ನೇಕಾರರ ಮನೆಯವನು, ಸಮುದ್ರ ನೋಡಿದ್ದು ಅದೇ ಮೊದಲು.

ಎದೆ ಒಡೆದಂತಾಯಿತು. ನಾನು ಬಲಕ್ಕೆ ಓಡಿದೆ, ಆ ತಮ್ಮ ಎಡಕ್ಕೆ ಓಡಿದ. ಹೆಸರು ಹಿಡಿದು ಕೂಗುತ್ತಾ ಮರಳಲ್ಲಿ ಓಡುತ್ತಿದ್ದರೆ ಕಾಲು ಮುಂದಕ್ಕೇ ಹೋಗುತ್ತಿರಲಿಲ್ಲ. ಅವನ ಅವ್ವನಿಗೆ ಏನು ಹೇಳಲಿ ಅನ್ನುವುದೊಂದೇ ತಲೆಯಲ್ಲಿ. ದಂಡೆಗೆ ಎಳೆದಿಟ್ಟ ದೋಣಿಗಳ ಹಿಂದೆ ಇಬ್ಬರು ಹಿರಿಯರು ಕೂತು ಹರಿದ ಬಲೆ ಸರಿಮಾಡುತ್ತಿದ್ದರು. ಅವರ ಪಕ್ಕದಲ್ಲಿ ನಮ್ಮ ಹುಡುಗ. ಬಲೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಗಂಟು ಹಾಕುವುದನ್ನು ಕಣ್ಣು ಪಿಳುಕಿಸದೆ ನೋಡುತ್ತಿದ್ದ.

"ಇಲ್ಲಿಯೇ ಇದ್ದಾನಲ್ಲ ಅಕ್ಕ, ಯಾಕೆ ಹೆದರುದು?" ಅಂದರು ಒಬ್ಬರು. ನನಗೆ ಮಾತು ಬರಲಿಲ್ಲ. ಅವನ ಕೈ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ.

ನಿಜವಾದ ಗಂಡಾಂತರ ಬೇರೆ ಕಡೆ ಇತ್ತು. ನಾವಿಬ್ಬರೂ ಓಡಿದ ಆ ಏಳೆಂಟು ನಿಮಿಷ, ಉಳಿದ 20 ಜನ ಯಾರೂ ನೋಡುವವರಿಲ್ಲದೆ ನಿಂತಿದ್ದರು. ಮೂವರು ಹುಡುಗರು ಗೆಳೆಯ ನೀರಿಗೆ ಹೋಗಿರಬಹುದು ಅಂದುಕೊಂಡು ಹುಡುಕಲು ಮೊಣಕಾಲಿನ ಮೇಲೆ ನೀರಿಗೆ ಇಳಿದಿದ್ದರು. ಬಸ್ಸಿನ ಡ್ರೈವರ್ ಅಣ್ಣ ನೋಡಿ, ಓಡಿ ಬಂದು ಮೂವರನ್ನೂ ದಡಕ್ಕೆ ಎಳೆದಿದ್ದರು. ನಾನು ವಾಪಸ್ ಬಂದಾಗ ಆ ಮೂವರ ಬಟ್ಟೆಯಿಂದ ನೀರು ಇಳಿಯುತ್ತಿತ್ತು. ಅದನ್ನು ನೋಡಿದಾಗ ಆ ಪುಟ್ಟ ಹುಡುಗನ ಪ್ರಶ್ನೆ ಕಿವಿಯಲ್ಲಿ ಕೇಳಿಸಿತು. ಉಳಿದ ಕುರಿ ಯಾರ ನೋಡ್ಕೊಂಡ್ರಿ?

ಅವತ್ತು ರಾತ್ರಿ ವಾಲಂಟಿಯರುಗಳ ಸಭೆಯಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ತಪ್ಪು ನನ್ನದೇ ಅಂತಲೂ ಹೇಳಿದೆ. ಆಮೇಲೆ ಹುಡುಗನ ಕಾಕಾನ ಕಥೆ ಹೇಳಿದೆ. ಅಲ್ಲೇ ಒಂದು ಹಾಳೆ ತೆಗೆದುಕೊಂಡು ಎರಡು ಕಾಲಂ ಹಾಕಿದೆವು. ಒಂದರಲ್ಲಿ ಹುಡುಕುವವರು, ಇನ್ನೊಂದರಲ್ಲಿ ನಿಲ್ಲುವವರು. ಪ್ರತಿ ಗುಂಪಿಗೆ ಇಬ್ಬರು, ಬೆಳಿಗ್ಗೆಯೇ ನಿರ್ಧಾರ ಆಗಿರಬೇಕು. ಯಾರಾದರೂ ಕಾಣದಿದ್ದರೆ ನಿಲ್ಲುವವರು ಮೊದಲು ಎಲ್ಲರನ್ನೂ ನೆಲಕ್ಕೆ ಕೂರಿಸಬೇಕು. ನಿಂತವರು ಚದುರುತ್ತಾರೆ, ಕೂತವರು ಚದುರುವುದಿಲ್ಲ. ಹುಡುಕುವವರು ಫೋನ್ ತೆಗೆದುಕೊಂಡು ಹೋಗಬೇಕು. ಏನೇ ಕೂಗಾಟ ಕೇಳಿದರೂ ನಿಲ್ಲುವವರು ಜಾಗ ಬಿಡಬಾರದು. ಇದು ಹೇಳಿದಷ್ಟು ಸುಲಭ ಅಲ್ಲ. ಓಡಿದವರಿಗೆ ಏನೋ ಮಾಡುತ್ತಿದ್ದೇನೆ ಅನ್ನುವ ಸಮಾಧಾನ ಇರುತ್ತದೆ. ನಿಂತವರಿಗೆ ಕೈಕಾಲು ನಡುಗುತ್ತಿದ್ದರೂ ಹಾಡು ಹೇಳಿಸುವ ಕೆಲಸ.

ಮಾರನೇ ರಾತ್ರಿಯೇ ಅದು ಬೇಕಾಯಿತು. ರಾತ್ರಿ ಪ್ರಾರ್ಥನೆಗೆ ಒಬ್ಬ ಹುಡುಗಿ ಬರಲಿಲ್ಲ. ಅವತ್ತು ಹುಡುಕುವ ಪಾಳಿ ನನ್ನದು. ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಜನವರಿಯಲ್ಲಿ ಅಪ್ಪ ತೀರಿಕೊಂಡಿದ್ದರಂತೆ. ಸಂಜೆಯ ಹಾಡು ಅವರಿಗೆ ಇಷ್ಟವಾದದ್ದಂತೆ. ಅವಳ ಪಕ್ಕ ಕೂತೆ. ಹೆಚ್ಚೇನೂ ಮಾತಾಡಲಿಲ್ಲ. ನಲವತ್ತು ನಿಮಿಷ ಆಗಿರಬೇಕು. ಒಳಗೆ ಹಾಡು ಕೇಳುತ್ತಿತ್ತು, ಗುಂಪನ್ನು ಆ ಉಡುಪಿಯ ತಮ್ಮ ನೋಡಿಕೊಳ್ಳುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು. ಹಾಗಾಗಿ ಗಡಿಬಿಡಿ ಮಾಡಲಿಲ್ಲ, ಬೇಗ ಒಳಗೆ ಬಾ ಅನ್ನಲಿಲ್ಲ. ಹಿಂಡಿನ ಹತ್ತಿರ ಒಬ್ಬರು ನಿಂತಿದ್ದರೇ ಹುಡುಕಲು ಹೋದವರಿಗೆ ಕೂರಲು ಪುರುಸೊತ್ತು ಸಿಗುವುದು. ಕಥೆಯ ಕುರುಬ ಕುರಿಯನ್ನು ಹೊಡೆದು ಅಟ್ಟಿಕೊಂಡು ಬರದೆ ಹೊತ್ತು ತಂದನಲ್ಲ, ಅವನಿಗೂ ಯಾರೋ ಒಬ್ಬ ಕಾಕಾ ಇದ್ದಿರಬೇಕು ಅಂತ ನನಗೆ ಆ ಮೆಟ್ಟಿಲ ಮೇಲೆ ಅನ್ನಿಸಿತು.

ಕ್ಯಾಂಪ್ ಮುಗಿದ ಮೇಲೆ ಮಕ್ಕಳನ್ನು ಉಳಿದ ಇಬ್ಬರು ವಾಲಂಟಿಯರುಗಳ ಜೊತೆ ರೈಲು ಹತ್ತಿಸಿದೆವು. ನಾನು ಮಂಗಳೂರಿನ ಇಬ್ಬರು ಗೆಳತಿಯರ ಜೊತೆ ನಾಲ್ಕು ದಿನ ಸುತ್ತಲು ಉಳಿದೆ. ಮೊದಲು ಮಂಗಳೂರಿನಲ್ಲೇ ಇರುವ ಬಲ್ಮಠ. 1843ರ ಜುಲೈನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಇದೇ ಊರಿನ ಕಲ್ಲಚ್ಚಿನಲ್ಲಿ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲೇ. ಅಲ್ಲಿಂದ ಪುತ್ತೂರು, ಸುಳ್ಯ, ಸಂಪಾಜೆ ಮೇಲೆ ಮಡಿಕೇರಿ, ಆಮೇಲೆ ಅಮ್ಮತ್ತಿ ಹತ್ತಿರದ ಆನಂದಪುರ. ಸಂಪಾಜೆ ಘಾಟಿಯಲ್ಲಿ ಜೋರು ಮಳೆ. ಬಸ್ಸಿನ ಕಿಟಕಿಯ ಪಕ್ಕ ಕೂತು ಮೂವರೂ ಒದ್ದೆಯಾದೆವು.

ಆನಂದಪುರ ಮೊಗ್ಲಿಂಗ್ ಕಟ್ಟಿದ ಊರು. 1850ರ ದಶಕದಲ್ಲಿ, ಕೊಡಗಿನಲ್ಲಿ ಜೀತಕ್ಕಿದ್ದ ಹೊಲೆಯ ಸಮುದಾಯದವರಿಗೆ ತಮ್ಮದೇ ನೆಲ, ತಮ್ಮದೇ ದುಡಿಮೆ ಇರಲಿ ಅಂತ ಕಟ್ಟಿದ್ದು. ಊರಿನ ಸುತ್ತ ಈಗಲೂ ಕಾಫಿ ತೋಟ. ನನ್ನ ಮನಸ್ಸು ಮಾತ್ರ ಮಂಗಳೂರಿನಲ್ಲೇ ಇತ್ತು. ಮೊಗ್ಲಿಂಗ್ ಕೊಡಗಿಗೆ ಬಂದ ಮೇಲೆ ಅಲ್ಲಿನ ಮುದ್ರಣಾಲಯ, ಶಾಲೆ ನಿಲ್ಲಲಿಲ್ಲ. ಅಚ್ಚಿನ ಮೊಳೆ ಜೋಡಿಸುವವರು, ಪಾಠ ಹೇಳುವವರು ತಮ್ಮ ತಮ್ಮ ಕೆಲಸ ಮಾಡುತ್ತಲೇ ಇದ್ದರು. ಅವರಲ್ಲಿ ಹೆಚ್ಚಿನವರ ಹೆಸರು ನಮಗೆ ಯಾರೂ ಕಲಿಸಿಲ್ಲ. ಆನಂದಪುರದ ಅಜ್ಜಿಯೊಬ್ಬರು ಕರಿಕಾಫಿ ಕೊಟ್ಟು, "ಬೆಟಗೇರಿಯಿಂದ ಇಷ್ಟು ದೂರ ಬಂದ್ರಾ?" ಅಂತ ನನ್ನ ತಲೆ ಸವರಿದರು. ಹೊರಡುವಾಗ ಒಂದು ಪೊಟ್ಟಣ ಕರಿಮೆಣಸು ಕೈಗಿಟ್ಟರು.

ಊರಿಗೆ ಬಂದ ಭಾನುವಾರ ಆರಾಧನೆ ಮುಗಿದ ಮೇಲೆ ಎರಡು ಕಾಲಮ್ಮಿನ ಹಾಳೆಯನ್ನು ಅಯ್ಯನವರಿಗೆ ತೋರಿಸಿದೆ. ಅವರು ಓದಿ, ಪೆನ್ ತೆಗೆದು, ಮುಂದಿನ ವರ್ಷದ ವಿ.ಬಿ.ಎಸ್.ಗೆ ನಿಲ್ಲುವವರ ಕಾಲಂನಲ್ಲಿ ತಮ್ಮ ಹೆಸರು ಬರೆದರು. ಅದರ ಕೆಳಗೆ ನಾನು ಅಡುಗೆಮನೆಯ ಅಕ್ಕಂದಿರ ಹೆಸರುಗಳನ್ನೆಲ್ಲ ಬರೆದೆ.

ಅದೇ ವಾರ ಸಂಜೆ ಆ ಹುಡುಗನ ಅಜ್ಜಿಯ ಜೊತೆ ಅವರ ಹಿಂಡು ಇಳಿದಿದ್ದ ಹೊಲಕ್ಕೆ ಹೋದೆ. ಗೊಬ್ಬರಕ್ಕಾಗಿ ರೈತರೊಬ್ಬರು ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಂಡಿದ್ದರು. ಹುಡುಗ ನನ್ನನ್ನು ನೋಡಿ ಓಡಿಬಂದ. ಅವನಿಗೆ ಸಮುದ್ರದ ಕಥೆಯೆಲ್ಲ ಹೇಳಿದೆ. ಅವನಪ್ಪನನ್ನು ನಾನು ಕೇಳಿದ್ದು ಒಂದೇ, ದಿನಾ ಸಂಜೆ ಇಷ್ಟು ಕುರಿ ಹೇಗೆ ಎಣಿಸುತ್ತೀರಿ ಅಂತ.

"ಎಣಸೂದಿಲ್ರಿ ಅಕ್ಕಾರ, ಮಾರಿ ನೋಡ್ತೀವಿ. ಯಾವ ಮಾರಿ ಇಲ್ಲಂತ ಗೊತ್ತಾಗ್ತತಿ."

ಹಿಂಡಿನ ಆ ಬದಿಯಲ್ಲಿ ಕಾಕಾ ಕೋಲೂರಿ ನಿಂತಿದ್ದರು. ರಾತ್ರಿ ಹಿಂಡಿನ ಸುತ್ತ ಕಟ್ಟುವ ಬಲೆ ಒಂದು ಕಡೆ ಹರಿದಿತ್ತು. ಹುಡುಗ ಅಲ್ಲಿಗೆ ಹೋಗಿ ಕೂತು, ಬಲೆಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಗಂಟು ಹಾಕತೊಡಗಿದ.