ಕೊಕ್ಕೆ ಬೇಡ, ತಂತಿ ಬೇಡ: ಬರೀ ಕ್ಲೇಯಲ್ಲಿ ಸರ ಮಾಡಿದ ನನ್ನ ಅನುಭವ

ಜಂಪ್ ರಿಂಗ್ (ಜೋಡಿಸುವ ಸಣ್ಣ ಲೋಹದ ಉಂಗುರ), ಕೊಕ್ಕೆ, ಪಿನ್ನು ಒಂದೂ ಇಲ್ಲದೆ, ಓವನ್ನಿನಲ್ಲಿ ಬೇಯಿಸಿದರೆ ಗಟ್ಟಿಯಾಗುವ ಪಾಲಿಮರ್ ಕ್ಲೇಯಲ್ಲಿ ಸರ ಮಾಡ್ತೀನಿ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ‘ವಾರದೊಳಗೆ ಮುರಿದು ವಾಪಸ್ ಬರುತ್ತೆ, ನೋಡ್ತಿರಿ’ ಅಂದರು. ನಾನೇ ಹಾಕಿಕೊಂಡು ಓಡಾಡುವ ಸರಕ್ಕೆ ಈಗ ಎರಡು ವರ್ಷದ ಮೇಲಾಯಿತು, ಒಂದು ಕೊಂಡಿಯೂ ಬಿಟ್ಟಿಲ್ಲ.

ಇದಕ್ಕೆ ಕೈ ಹಾಕಿದ್ದು ಗಿರಾಕಿಗಳಿಗಾಗಿ. ಅಗ್ಗದ ಕೊಕ್ಕೆಗಳಲ್ಲಿ ಹೆಚ್ಚಾಗಿ ನಿಕಲ್ ಇರುತ್ತದೆ. ಅದು ಆಗದವರಿಗೆ ಕತ್ತಿನ ಹಿಂದೆ ಕೆಂಪು ಗಂಧೆ, ಕಿವಿ ಚುಚ್ಚಿದ ಕಡೆ ಸೋರುವುದು. ಎಷ್ಟು ಚೆಂದದ ಪದಕ ಮಾಡಿಕೊಟ್ಟರೂ ಡಬ್ಬಿ ಸೇರುತ್ತಿತ್ತು.

ಮೊದಮೊದಲ ಕೊಂಡಿಗಳು ಕೈಯಲ್ಲೇ ಪಟಪಟ ಮುರಿದವು. ಐದಾರು ಸಾವಿರದ ಕ್ಲೇ ಹಾಗೇ ಹೋಯಿತು. ಮೆತ್ತಗಿನ, ಮಕ್ಕಳೂ ನಾದುವಂಥ ಕ್ಲೇ ಈ ಕೆಲಸಕ್ಕಲ್ಲ; ಪ್ರೀಮೋ, ಫೀಮೋ ಪ್ರೊಫೆಷನಲ್ ಥರದ್ದು ಬೇಕು, ಅದು ಬೆಂದ ಮೇಲೂ ಬಾಗುತ್ತದೆ. ಆದರೆ ಅಸಲು ಕಳ್ಳ ಓವನ್ನು. ಗುಂಡಿ 130 ಡಿಗ್ರಿ ತೋರಿಸುತ್ತಿದ್ದರೆ ಒಳಗೆ ಬರೀ 110ರ ಆಸುಪಾಸು. ನಾನೂರು ರೂಪಾಯಿಯ ಥರ್ಮಾಮೀಟರ್ ಒಳಗಿಟ್ಟ ದಿನ ಅರ್ಧ ಸಮಸ್ಯೆ ತೀರಿತು. ಪೊಟ್ಟಣದಲ್ಲಿ ಅರ್ಧ ಗಂಟೆ ಅಂತಿದ್ದರೂ ನಾನು ಫಾಯಿಲ್ ಮುಚ್ಚಿ ಒಂದು ಗಂಟೆ ಬೇಯಿಸುತ್ತೇನೆ. ಪ್ರತಿ ಸಲ ಎರಡು ಮಿಲಿಮೀಟರ್ ದಪ್ಪದ ಒಂದು ಪಟ್ಟಿಯನ್ನೂ ಜೊತೆಗಿಡುತ್ತೇನೆ. ಪೂರ್ತಿ ಆರಿದ ಮೇಲೆ ಅದನ್ನು ಬೆರಳಿಗೆ ಸುತ್ತಿ ನೋಡುವುದು; ಬಿರುಕು ಬಿಟ್ಟರೆ ಇಡೀ ತಟ್ಟೆ ಮತ್ತೆ ಒಳಗೆ.

ಕೊಂಡಿ ಹೆಣೆಯುವುದು ಎರಡು ಸುತ್ತಿನಲ್ಲಿ. ಒಂದೊಂದು ಕೊಂಡಿಯೂ ಒಂದು ಪುಟ್ಟ ಕ್ಲೇ ಬಳೆ; ಅರ್ಧದಷ್ಟು ಬಳೆಗಳನ್ನು ಮೊದಲೇ ಬೇಯಿಸಿಟ್ಟುಕೊಂಡು, ಹಸಿ ಬಳೆಯನ್ನು ಎರಡು ಬೆಂದ ಬಳೆಗಳಲ್ಲಿ ತೂರಿಸಿ ಮುಚ್ಚಬೇಕು. ತುದಿಗಳನ್ನು ನೇರ ಕತ್ತರಿಸಬೇಡಿ, ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಕೂರಿಸಿ, ಮಧ್ಯೆ ಲಿಕ್ವಿಡ್ ಕ್ಲೇಯ ಒಂದು ಸವರು. ಹಸಿಯದ್ದು ಬೆಂದದ್ದಕ್ಕೆ ಅಂಟದ ಹಾಗೆ ಕಾರ್ನ್‌ಫ್ಲೋರ್ ಉದುರಿಸಿ, ಅದರ ಹಾಸಿನ ಮೇಲೇ ಬೇಯಿಸಿ.

ಕೊಕ್ಕೆಯ ಜಾಗಕ್ಕೆ ಕ್ಲೇ ಗುಂಡಿ, ಮೇಣದ ದಾರದ ಕುಣಿಕೆ. ಸರ ಪೋಣಿಸುವ ಪಟವೇಗಾರರು ದಾರದಲ್ಲೇ ಎಲ್ಲ ಮುಗಿಸುತ್ತಿದ್ದರಲ್ಲ, ಆ ದಾರಿಯೇ. ಗಂಟು ಜಾರದಂತೆ ನಾನು ಏನು ಹಚ್ಚುತ್ತೇನೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ.

ಓಲೆಯ ಕಡ್ಡಿಯನ್ನೂ ಕ್ಲೇಯಲ್ಲಿ ಮಾಡಿ ನೋಡಿದೆ. ಅಷ್ಟು ಸಣ್ಣ ಕಡ್ಡಿ ನಿಲ್ಲುವುದಿಲ್ಲ, ನಿಂತರೂ ಕಿವಿಯ ತೂತಿನೊಳಗೆ ಅದನ್ನು ಇಡಲು ನನಗೆ ಮನಸ್ಸಿಲ್ಲ. ಬದಲಿಗೆ ಇಡೀ ಕಿವಿಯನ್ನು ಸುತ್ತಿ ಬರುವ ಮಾಟಿಯನ್ನು ರೇಷ್ಮೆ ದಾರದಲ್ಲಿ ಮಾಡಿ, ಅದಕ್ಕೆ ಹಗುರ ಜುಮುಕಿ ಕಟ್ಟಿದೆ. ಕಿವಿ ಚುಚ್ಚಿಸದ ಮಕ್ಕಳ ಸ್ಕೂಲ್ ಡಾನ್ಸಿಗೆ ಇದು ಸರಕ್ಕಿಂತ ಹೆಚ್ಚು ಹೋಗುತ್ತಿದೆ.

ಲೋಹ ಕೈಬಿಟ್ಟಿದ್ದರಿಂದ ಒಂದು ಸರಕ್ಕೆ ಆಗುವ ಉಳಿತಾಯ ಮೂವತ್ತು ನಲವತ್ತು ರೂಪಾಯಿ, ಕೆಲಸ ಮಾತ್ರ ದುಪ್ಪಟ್ಟು. ಒಂಬೈನೂರಕ್ಕೆ ಕೊಡುತ್ತೇನೆ, ಚೌಕಾಸಿ ಇಲ್ಲ. ಹಿಂದೆ ಕತ್ತು ಕೆರೆದುಕೊಂಡು ಸರ ವಾಪಸ್ ತಂದವರೇ ಈಗ ಅಕ್ಕತಂಗಿಯರಿಗೂ ಹೇಳಿ ಮಾಡಿಸುತ್ತಿದ್ದಾರೆ.