ಕ್ಯಾಲಿಫೋರ್ನಿಯಾದ ಲೈಂಗಿಕ ಅಪರಾಧಿಗಳ ಪಟ್ಟಿ ನೋಡುವುದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಮನೆ ಹುಡುಕುವ ಗೆಳೆಯರಿಗೆ ನಾನು ಹೇಳುವುದು ಇಷ್ಟು: ಲೈಂಗಿಕ ಅಪರಾಧಿಗಳ ವಿವರ ತೋರಿಸುವ ರಾಜ್ಯ ನ್ಯಾಯ ಇಲಾಖೆಯ ‘ಮೇಗನ್ಸ್ ಲಾ’ ವೆಬ್‌ಸೈಟ್ ತೆರೆದು ಮನೆಯ ವಿಳಾಸ ಹಾಕಿ. ಮ್ಯಾಪ್ ಮೇಲಿನ ಗುರುತು ಒತ್ತಿದರೆ ಫೋಟೊ, ಹೆಸರು, ಶಿಕ್ಷೆಯಾದ ಅಪರಾಧ ಕಾಣುತ್ತವೆ. ಕೆಲವರದ್ದು ಪೂರ್ತಿ ವಿಳಾಸ, ಕೆಲವರದ್ದು ಬರೀ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದಂತೆ). ಇನ್ನು ಕೆಲವರ ವಿವರ ಪೊಲೀಸರ ಬಳಿ ಮಾತ್ರ ಇರುತ್ತದೆ. ಹಾಗಾಗಿ ಮ್ಯಾಪ್ ಖಾಲಿ ಕಂಡಿತು ಅಂತ ಸುಮ್ನೆ ನಂಬಿ ಕೂರಬೇಡಿ.

ಪಟ್ಟಿಯಲ್ಲಿರುವವರು ಪ್ರತಿ ವರ್ಷ ಹುಟ್ಟಿದ ದಿನದ ಆಸುಪಾಸಿನ 5 ಕೆಲಸದ ದಿನಗಳೊಳಗೆ ಪೊಲೀಸರಲ್ಲಿ ವಿವರ ನವೀಕರಿಸಬೇಕು. ಮನೆ ಬದಲಿಸಿದರೂ ಅಷ್ಟೇ ಗಡುವು. 2021ರಿಂದ ಅಪರಾಧ ನೋಡಿಕೊಂಡು ಕನಿಷ್ಠ 10 ವರ್ಷ, 20 ವರ್ಷ ಅಥವಾ ಜೀವನಪೂರ್ತಿ ಹೀಗೆ ನೋಂದಣಿಯಲ್ಲಿ ಇರಬೇಕು. ಅವಧಿ ಮುಗಿದರೂ ಹೆಸರು ತಾನಾಗೇ ಹೋಗುವುದಿಲ್ಲ, ಕೋರ್ಟಿಗೆ ಅರ್ಜಿ ಹಾಕಬೇಕು.

ವಿಳಾಸ ಸಿಕ್ಕಿತೆಂದು ಕಾಟ ಕೊಡಲು ಹೋದರೆ ಕೇಸ್ ನಿಮ್ಮ ಮೇಲೇ ಬೀಳುತ್ತದೆ.