ಹಳೇ ಕಾರಿನ ಎ.ಸಿ.: ಗ್ಯಾಸ್ ಕೊನೆಗೆ, ವ್ಯಾಕ್ಯೂಮ್ ಮೊದಲು

ತೀರ್ಥಹಳ್ಳಿಯ ನಮ್ಮ ಬಾವನ ಹತ್ತಿರ 1991ರ ಕಾಂಟೆಸ್ಸಾ ಇದೆ. ಹೊಸದರಲ್ಲಿ ಕೂರಿಸಿದ ಎ.ಸಿ. ಈಗಲೂ ಅದರಲ್ಲೇ ಇದೆ. ಹೋದ ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಗ್ಯಾಸ್ ಹಾಕಿಸಿಕೊಂಡು ಹೊರಟವರು ಗಾಜನೂರು ದಾಟುವವರೆಗೆ ಹಾಯಾಗಿದ್ದರು. ಅಲ್ಲಿಂದ ಮುಂದೆ ಬರೀ ಬೆಚ್ಚನೆ ಗಾಳಿ, ಗಾಜಿನ ತುಂಬ ಮಂಜು. ಮಂಡಗದ್ದೆಯಲ್ಲಿ ಕಾಫಿ ಕುಡಿದು ಬಂದು ಗಾಡಿ ಚಾಲೂ ಮಾಡಿದರೆ ಮತ್ತೆ ತಣ್ಣಗೆ! ಹದಿನೈದು ನಿಮಿಷಕ್ಕೆ ಮತ್ತೆ ಅದೇ ಕಥೆ. ‘ಗ್ಯಾಸ್ ಕಮ್ಮಿ ಆಗಿರ್ಬೇಕು ಸಾರ್, ಟಾಪ್-ಅಪ್ ಮಾಡೋಣ’ ಅಂದರಂತೆ ಗ್ಯಾರೇಜಿನವರು. ಗ್ಯಾಸ್ ಸರಿಯಾಗೇ ಇತ್ತು. ಒಳಗೆ ನೀರಿತ್ತು.

ಪೈಪಿನೊಳಗೆ ನಾಲ್ಕು ಹನಿ ನೀರು ಉಳಿದರೂ ಸಾಕು. ಅದು ಗ್ಯಾಸಿನ ಜೊತೆ ಸುತ್ತುತ್ತಾ ಎಕ್ಸ್‌ಪಾನ್ಷನ್ ವಾಲ್ವಿನ (ಗ್ಯಾಸ್ ಹಿಗ್ಗಿ ತಣ್ಣಗಾಗುವ ಕಿಂಡಿ) ಸಣ್ಣ ತೂತಿಗೆ ಬಂದಾಗ ಮಂಜುಗಡ್ಡೆಯಾಗಿ ಕೂರುತ್ತದೆ. ದಾರಿ ಬಂದ್. ಗಾಡಿ ನಿಲ್ಲಿಸಿದರೆ ಕರಗುತ್ತದೆ, ಹೊರಟರೆ ಮತ್ತೆ ಕಟ್ಟುತ್ತದೆ. ನಿಮ್ಮ ಕಾರಿನಲ್ಲೂ ಹೀಗೇ ಆಗುತ್ತಿದ್ದರೆ ಗ್ಯಾಸಿಗೆ ದುಡ್ಡು ಸುರಿಯಬೇಡಿ.

ಮಲೆನಾಡಲ್ಲಿ ಎ.ಸಿ. ಯಾಕಪ್ಪಾ ಅನ್ನುವವರು ಜುಲೈನಲ್ಲಿ ಒಮ್ಮೆ ಆಗುಂಬೆ ಘಾಟಿ ಇಳಿದು ನೋಡಲಿ. ನಮಗೆ ಎ.ಸಿ. ಬೇಕಾಗಿರುವುದು ಚಳಿ ಮಾಡಿಕೊಳ್ಳಲಿಕ್ಕಲ್ಲ, ಗಾಳಿಯ ತೇವ ಹಿಂಡಿ ಗಾಜು ಒಣಗಿಸಲಿಕ್ಕೆ. ಹಾಗಾಗಿ ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಹಾಕಿ. ಕಂಪ್ರೆಸರಿನ ಶಾಫ್ಟ್ ಸೀಲಿಗೆ ಎಣ್ಣೆ ಮುಟ್ಟುವುದು ಅದು ತಿರುಗಿದಾಗ ಮಾತ್ರ. ಶೆಡ್ಡಿನಲ್ಲಿ ಮುಚ್ಚಿಟ್ಟ ಕಾರಿನ ಸೀಲ್ ಒಣಗಿ ಗ್ಯಾಸ್ ಸುಮ್ನೆ ಹೋಗುತ್ತದೆ.

ಈಗ ರಿಪೇರಿಗೆ ಬರೋಣ. ಮೊದಲನೆಯದು, ಲೀಕ್ ಹುಡುಕುವುದು. ಬಾನೆಟ್ ಎತ್ತಿ ಪೈಪಿನ ಜಾಯಿಂಟುಗಳನ್ನು ಒಂದೊಂದಾಗಿ ನೋಡಿ. ಗ್ಯಾಸ್ ಹೋಗುವಾಗ ಜೊತೆಗೆ ಎಣ್ಣೆಯೂ ಜಿನುಗುತ್ತದೆ. ನಮ್ಮ ಕೆಮ್ಮಣ್ಣಿನ ಧೂಳು ಅಲ್ಲಿ ಅಂಟಿ ಜಿಡ್ಡುಜಿಡ್ಡಾಗಿರುತ್ತದೆ. ಅದೇ ಜಾಗ. ಕಾಣದಿದ್ದರೆ ಒಣ ನೈಟ್ರೋಜನ್ ತುಂಬಿಸಿ ಸೋಪಿನ ನೊರೆ ಹಚ್ಚಿ ನೋಡಿ. 150 ಪಿಎಸ್‌ಐಗಿಂತ ಮೇಲೆ ಬೇಡ. ರೆಗ್ಯುಲೇಟರ್ ಇರುವ ಸಿಲಿಂಡರ್ ಫ್ರಿಜ್ ರಿಪೇರಿಯವರ ಹತ್ತಿರ ಸಿಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ತುಂಬಿದರೆ ತೇವವನ್ನು ನೀವೇ ಕರೆದು ಕೂರಿಸಿದಂತೆ. ವೆಲ್ಡಿಂಗಿನ ಆಕ್ಸಿಜನ್ ಅಂತೂ ಹತ್ತಿರವೂ ತರಬೇಡಿ, ಎಣ್ಣೆ ಸೇರಿದರೆ ಸಿಡಿಯುತ್ತದೆ.

ನೈಟ್ರೋಜನ್ ತುಂಬುವುದಿರಲಿ, ಪೈಪ್ ಬಿಚ್ಚುವುದಿರಲಿ, ಅದಕ್ಕೆ ಮೊದಲು ಒಳಗಿರುವ ಗ್ಯಾಸನ್ನು ರಿಕವರಿ ಮೆಷಿನ್ ಇರುವವರಿಂದ ತೆಗೆಸಿ. ಹಳೇ ಕಾರುಗಳಲ್ಲಿ ಇರುವುದು ಆರ್-12. ಓಝೋನ್ ಪದರಕ್ಕೆ ತೂತು ಮಾಡುವ ಗ್ಯಾಸುಗಳಲ್ಲಿ ಇದೂ ಒಂದು. 1987ರ ಮಾಂಟ್ರಿಯಲ್ ಒಪ್ಪಂದ ಆದದ್ದೇ ಇಂಥವುಗಳನ್ನು ನಿಲ್ಲಿಸಲಿಕ್ಕೆ. ಆಮೇಲೆ ಸೋರುವ ಜಾಯಿಂಟಿನ ಓ-ರಿಂಗ್ (ರಬ್ಬರ್ ಉಂಗುರ) ಬದಲಿಸಿ, ಎರಡು ತೊಟ್ಟು ಎಣ್ಣೆ ಸವರಿ ಕೂರಿಸಿ. ಅಷ್ಟೇ.

ಈಗ ಎಲ್ಲರೂ ಕೆಡಿಸುವ ಕೆಲಸಕ್ಕೆ, ಅಂದರೆ ಪಂಪ್ ಹಚ್ಚಿ ಪೈಪಿನ ಒಳಗನ್ನು ಎಳೆದು ಖಾಲಿ ಮಾಡುವುದಕ್ಕೆ, ಬರೋಣ. ವ್ಯಾಕ್ಯೂಮ್.

ಸಾಮಾನ್ಯವಾಗಿ ನಡೆಯುವುದು ಇಷ್ಟು. ಹಳೇ ಫ್ರಿಜ್ಜಿನ ಕಂಪ್ರೆಸರಿಗೆ ಒಂದು ಪೈಪ್ ಸಿಕ್ಕಿಸಿ ಅದನ್ನೇ ವ್ಯಾಕ್ಯೂಮ್ ಪಂಪ್ ಅನ್ನುತ್ತಾರೆ. ಹದಿನೈದು ನಿಮಿಷ ಓಡಿಸುತ್ತಾರೆ. ಗೇಜಿನ ಮುಳ್ಳು 27 ಇಂಚಿಗೆ (ಒಳಗಿನ ಒತ್ತಡ ಹೊರಗಿನದಕ್ಕಿಂತ ಅಷ್ಟು ಇಂಚು ಪಾದರಸ ಕಮ್ಮಿ ಅಂತ) ಬಂದರೆ ‘ಆಯ್ತು ಸಾರ್’. ಇನ್ನು ಕೆಲವರು ಅದನ್ನೂ ಮಾಡುವುದಿಲ್ಲ, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಓಡಿಸಿದ ಶಾಸ್ತ್ರ ಮಾಡುತ್ತಾರೆ.

ವ್ಯಾಕ್ಯೂಮ್ ಮಾಡುವುದು ಗಾಳಿ ತೆಗೆಯಲಿಕ್ಕೆ ಮಾತ್ರ ಅಲ್ಲ. ಒಳಗಿನ ನೀರನ್ನು ಕುದಿಸಿ ಆವಿ ಮಾಡಿ ಎಳೆಯಲಿಕ್ಕೆ. ಒತ್ತಡ ಸಾಕಷ್ಟು ಇಳಿದರೆ ನೀರು ಬೆಂಕಿಯಿಲ್ಲದೆ ಕುದಿಯುತ್ತದೆ. 25 ಡಿಗ್ರಿಯಲ್ಲಿ ಕುದಿಯಬೇಕಾದರೆ ಒಳಗಿನ ಒತ್ತಡ ಸುಮಾರು 24 ಮಿಲಿಮೀಟರ್ ಪಾದರಸಕ್ಕೆ ಇಳಿಯಬೇಕು. 20 ಡಿಗ್ರಿಯಾದರೆ 17ರ ಹತ್ತಿರಕ್ಕೆ. ಈಗ ಶಿವಮೊಗ್ಗದ ಲೆಕ್ಕ ಹಾಕಿ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಪುಸ್ತಕದಲ್ಲಿ ಬರೆದ 29 ಇಂಚು ಇಲ್ಲಿ ಯಾವ ಪಂಪಿಗೂ ಬರುವುದಿಲ್ಲ, ಹೆಚ್ಚೆಂದರೆ 28. ಮುಳ್ಳು 27ರಲ್ಲಿ ನಿಂತರೆ ಒಳಗೆ ಇನ್ನೂ ಒಂದಿಂಚು, ಅಂದರೆ ಸುಮಾರು 25 ಮಿಲಿಮೀಟರ್ ಉಳಿದಿದೆ ಅಂತ ಅರ್ಥ. ಜುಲೈ ತಿಂಗಳ ಚಳಿಗೆ ಆ ಒತ್ತಡದಲ್ಲಿ ನೀರು ಕುದಿಯುವುದೇ ಇಲ್ಲ. ಪಂಪ್ ಸಂಜೆವರೆಗೆ ಓಡಿದರೂ ಅಷ್ಟೇ, ಕರೆಂಟ್ ಬಿಲ್ ಬರುತ್ತದೆ.

ಹಾಗಾಗಿ ಎರಡು ಹಂತದ, ಅಂದರೆ ಟೂ-ಸ್ಟೇಜ್ ಪಂಪ್ ಬೇಕು. ಜೊತೆಗೆ ಮೈಕ್ರಾನ್ ಗೇಜ್ ಇರಲಿ. ಮುಳ್ಳಿನ ಗೇಜಿನಲ್ಲಿ ಕೊನೆಯ ಅರ್ಧ ಇಂಚು ಕಾಣುವುದೇ ಇಲ್ಲ, ಅಸಲು ಕೆಲಸ ನಡೆಯುವುದು ಅಲ್ಲೇ. ಗುರಿ 500 ಮೈಕ್ರಾನ್, ಅಂದರೆ ಬರೀ ಅರ್ಧ ಮಿಲಿಮೀಟರ್.

ನಾನು ಮಾಡುವ ಕ್ರಮ ಹೇಳುತ್ತೇನೆ. ಸೋನೆ ಹಿಡಿದ ದಿನ ಪೈಪ್ ಬಿಚ್ಚುವುದಿಲ್ಲ. ಹೊಳವಾದ ದಿನ ಕಾರನ್ನು ಬಿಸಿಲಿಗೆ ತಂದು, ಬಾನೆಟ್ ಒಳಗೆ ಬೆಚ್ಚಗಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸುತ್ತೇನೆ. ಹೊಸ ಡ್ರೈಯರ್ (ಗ್ಯಾಸಿನಲ್ಲಿರುವ ತೇವ ಹೀರುವ ಡಬ್ಬಿ) ಮುಚ್ಚಳ ತೆಗೆಯುವುದು ಕಟ್ಟಕಡೆಗೆ. ಮುಚ್ಚಳ ತೆಗೆದಿಟ್ಟ ಡ್ರೈಯರ್ ಮಳೆಗಾಲದಲ್ಲಿ ತೆರೆದಿಟ್ಟ ಹಪ್ಪಳದ ಡಬ್ಬಿ ಇದ್ದಂತೆ. ಅಂಗಡಿಯಲ್ಲಿ ಮುಚ್ಚಳ ಸಡಿಲ ಇರುವುದನ್ನು ಕೊಟ್ಟರೆ ವಾಪಸ್ ಕೊಡಿ. ಹಳೆಯದನ್ನೇ ಮತ್ತೆ ಹಾಕಿ ದುಡ್ಡು ಉಳಿಸುವ ಜಾಣತನ ಬೇಡ. ಪಂಪ್ ಹಚ್ಚಿದ ಮೇಲೆ ಡ್ರೈಯರಿಗೂ ಕೂಲಿಂಗ್ ಕಾಯಿಲಿನ ಪೆಟ್ಟಿಗೆಗೂ ಹೇರ್ ಡ್ರೈಯರಿನಿಂದ ಬಿಸಿ ಗಾಳಿ ಬಿಡುತ್ತೇನೆ. ಮನೆಯಲ್ಲಿ ಇದಕ್ಕೆ ಬೈಗುಳ ತಿಂದಿದ್ದೇನೆ, ಆದರೆ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಬೇಸಗೆಯಲ್ಲಿ ಒಂದು ಗಂಟೆ, ಮಳೆಗಾಲದಲ್ಲಿ ಮೂರು ಗಂಟೆ. ನಡುವೆ ಪಂಪಿನ ಕಿಟಕಿಯಲ್ಲಿ ಎಣ್ಣೆ ನೋಡಿ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಅದು ನಿಮ್ಮ ಕಾರಿನಿಂದ ಬಂದ ನೀರು. ಆ ಎಣ್ಣೆ ಬಸಿದು ಹೊಸದು ಹಾಕದಿದ್ದರೆ ಪಂಪ್ ಮುಂದಕ್ಕೆ ಎಳೆಯುವುದಿಲ್ಲ.

ಕೊನೆಗೆ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಅರ್ಧ ಗಂಟೆ ಸುಮ್ಮನೆ ಕೂರಿ. ಮೈಕ್ರಾನ್ ಅಂಕಿ ಬಿಡದೆ ಏರುತ್ತಲೇ ಹೋದರೆ ಲೀಕ್ ಇದೆ. ಸ್ವಲ್ಪ ಏರಿ, 1500-2000ದ ಹತ್ತಿರ ಹೋಗಿ ನಿಂತರೆ ನೀರಿದೆ. ಆಗ ಒಣ ನೈಟ್ರೋಜನ್ ಬಿಟ್ಟು ತುಂಬಿಸಿ, ಮತ್ತೆ ಎಳೆಯಿರಿ. ಬಾವನ ಕಾರಿಗೆ ಹೀಗೆ ಮೂರು ಸಲ ಮಾಡಬೇಕಾಯಿತು. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದು, ಅಂಕಿ 500ರಲ್ಲಿ ನಿಂತಾಗ ಸಂಜೆ ಐದು. ‘ಇಷ್ಟೊತ್ತಿಗೆ ಹೊಸ ಕಾರೇ ತಗೋಬಹುದಿತ್ತಲ್ಲೋ’ ಅಂತ ಬಾವ ಗೊಣಗಿದರು.

ಇನ್ನು ಗ್ಯಾಸ್. ನಿಮ್ಮ ಕಾರಿನಲ್ಲಿ ಮೊದಲಿನ ಆರ್-12 ಇನ್ನೂ ಉಳಿದು, ತಣ್ಣಗೂ ಮಾಡುತ್ತಿದ್ದರೆ ಯಾವ ನಟ್ಟನ್ನೂ ಮುಟ್ಟಬೇಡಿ. ಖಾಲಿಯಾಗಿದ್ದರೆ ಆರ್-134ಎಗೆ ಬದಲಾಯಿಸಿ. ಆರ್-12ರ ಜೊತೆಗಿದ್ದ ಮಿನರಲ್ ಎಣ್ಣೆ 134ಎ ಜೊತೆ ಬೆರೆಯುವುದಿಲ್ಲ. ಕಂಪ್ರೆಸರಿಂದ ಹಳೇ ಎಣ್ಣೆ ಬಸಿದು, ಅಳೆದು, ಅಷ್ಟೇ ಎಸ್ಟರ್ ಎಣ್ಣೆ ಹಾಕಿ. ಪಿಎಜಿ ಎಣ್ಣೆ ಕೊಡುತ್ತಾರೆ, ಬೇಡ. ಅದು ಗಾಳಿಯ ತೇವವನ್ನು ಬೇಗ ಹೀರುತ್ತದೆ, ನಮ್ಮ ಹವೆಗೆ ಆಗಿಬರುವುದಿಲ್ಲ.

‘ಆರ್-12ರ ಬದಲಿಗೆ’ ಅಂತ ಅಗ್ಗಕ್ಕೆ ಸಿಗುವ ಕೆಲವು ಡಬ್ಬಿಗಳಲ್ಲಿ ಇರುವುದು ಪ್ರೊಪೇನ್, ಬ್ಯೂಟೇನ್. ಅಡುಗೆ ಸಿಲಿಂಡರಿನ ಗ್ಯಾಸೇ ಅಂದುಕೊಳ್ಳಿ. ಚೆನ್ನಾಗಿ ತಂಪು ಮಾಡುತ್ತದೆ ನಿಜ. ಕೂಲಿಂಗ್ ಕಾಯಿಲ್ ಡ್ಯಾಶ್‌ಬೋರ್ಡಿನ ಒಳಗಿದೆ, ಅಲ್ವಾ? ಅಲ್ಲಿ ಸೋರಿದರೆ ನೀವು ಕೂತಿರುವುದು ಗ್ಯಾಸಿನ ಮಧ್ಯೆ. ಲೀಕ್ ಮುಚ್ಚುವ ಅಂಟಿನ ಡಬ್ಬಿಯೂ ಬೇಡ. ಅದು ಲೀಕಿನ ಜೊತೆ ಎಕ್ಸ್‌ಪಾನ್ಷನ್ ವಾಲ್ವನ್ನೂ ಮುಚ್ಚುತ್ತದೆ.

ತುಂಬುವುದು ತೂಕದಿಂದ. ಬಾನೆಟ್ ಕೆಳಗಿನ ಚೀಟಿಯಲ್ಲಿ ಆರ್-12 ಇಷ್ಟು ಗ್ರಾಂ ಅಂತ ಇದ್ದರೆ 134ಎ ಅದರ ಶೇಕಡಾ 80-85 ಸಾಕು. 900 ಗ್ರಾಂ ಅಂತಿದ್ದರೆ 720ರಿಂದ 765. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅಂದುಕೊಂಡವರ ಕಂಪ್ರೆಸರ್ ಬಾಳುವುದಿಲ್ಲ. ಡಬ್ಬಿ ನೆಟ್ಟಗೆ ಹಿಡಿದು, ಎಂಜಿನ್ ಓಡುವಾಗ ಲೋ ಸೈಡಿನಿಂದ, ಅಂದರೆ ಒತ್ತಡ ಕಮ್ಮಿ ಇರುವ ಕಡೆಯಿಂದ ಮಾತ್ರ ಬಿಡಿ. ಎಂಜಿನ್ ಓಡುವಾಗ ಹೈ ಸೈಡ್ ವಾಲ್ವ್ ತೆರೆದರೆ ಒತ್ತಡ ಡಬ್ಬಿಗೇ ನುಗ್ಗಿ ಅದು ಒಡೆಯುತ್ತದೆ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಡ್ರೈಯರ್ ಮೇಲಿನ ಗಾಜಿನಲ್ಲಿ ಗುಳ್ಳೆ ಹೋಗುವವರೆಗೆ ತುಂಬುವ ಹಳೇ ಪದ್ಧತಿ ಆರ್-12ಕ್ಕೆ ಸರಿ. 134ಎಗೆ ಅದನ್ನು ನಂಬಬೇಡಿ.

ಮುಗಿದ ಮೇಲೆ ನಡುವಿನ ಗಾಳಿ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿ ಅರ್ಧ ಗಂಟೆ ಓಡಿಸಿ. ಕಾರಿನ ಕೆಳಗೆ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದೆ ಎಡಗಡೆ ಕೂತವರ ಕಾಲಡಿಯ ಮ್ಯಾಟ್ ಒದ್ದೆಯಾದರೆ ನೀರು ಹೋಗುವ ರಬ್ಬರ್ ನಳಿಗೆ ಕಟ್ಟಿದೆ. ಕೆಳಗಿನಿಂದ ಮೆತ್ತನೆ ತಂತಿ ಹಾಕಿ ಬಿಡಿಸಿ. ಬಾವನ ಕಾರಿನ ನಳಿಗೆಯಿಂದ ಬಂದದ್ದು ಒಂದು ಹಿಡಿ ಅಡಿಕೆ ಸಿಪ್ಪೆಯ ನಾರು, ಇಲಿ ತಂದು ತುರುಕಿದ್ದು.